ಮರದ ಯಾವ ಕಡೆಗಿದೆ ಬ್ಯಾಟರಿ?

(ಸಾಗರದಲ್ಲಿ ಅಡಿಕೆ ಬೆಳೆಗಾರರ ಸಭೆಯೊಂದರಲ್ಲಿ ಆಡಿದ ಮಾತು. ಅಲ್ಲಿ ನಾಲಿಗೆ ತೊಡರಿದ ಕಡೆ ತಿದ್ದಿದ್ದೇನೆ, ಗಡಿಬಿಡಿಯಲ್ಲಿ ಬಿಟ್ಟುಹೋದದ್ದನ್ನು ಸೇರಿಸಿದ್ದೇನೆ.)

ಒಳಗೆ ಬರುವಾಗ ಚಪ್ಪಲಿ ಬಿಡುವ ಜಾಗದಲ್ಲೇ ಒಬ್ಬರು ನಿಲ್ಲಿಸಿ ಕೇಳಿದರು: "ಮೇಷ್ಟ್ರೇ, ಸೋಲಾರ್ ಹಾಕ್ಸಿದ್ರೆ ಕರೆಂಟ್ ಹೋದಾಗ ಮನೇಲಿ ಬೆಳಕಿರ್ತದಲ್ಲಾ?" ಇರೋದಿಲ್ಲ ಎಂದೆ. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು ಅವರು ನಕ್ಕರು. ನಾನು ಏನೇನೋ ಟಿಪ್ಪಣಿ ಮಾಡಿಕೊಂಡು ಬಂದಿದ್ದೆ. ಅದನ್ನು ಜೇಬಿನಲ್ಲೇ ಇಟ್ಟು ಅವರ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.

ಇಪ್ಪತ್ತೆಂಟು ವರ್ಷ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಪಾಠ ಮಾಡಿದವನು ನಾನು. ನಿವೃತ್ತಿಯ ದುಡ್ಡು ಬಂದಾಗ ಹೊಸನಗರ ಕಡೆಯ ನಮ್ಮ ಹಳೇ ಮನೆಯ ಮಾಡಿಗೆ 3 ಕಿಲೋವ್ಯಾಟ್ ಪ್ಯಾನೆಲ್ ಹಾಕಿಸಿದೆ. ಫೆಬ್ರವರಿಯ ಬಿಸಿಲಿಗೆ ದಿನಕ್ಕೆ 13 ಯೂನಿಟ್ ಬರುತ್ತಿತ್ತು. ಊರಿಗೆ ಬಂದವರಿಗೆಲ್ಲ ಮೊಬೈಲ್ ತೆಗೆದು ತೋರಿಸಿದ್ದೇ ತೋರಿಸಿದ್ದು. ಆಷಾಢ ಬಂತು. ಒಂದು ರಾತ್ರಿ ಗಾಳಿಗೆ ಹಲಸಿನ ಮರ ಲೈನಿನ ಮೇಲೆ ಮಲಗಿತು. ಕರೆಂಟ್ ಹೋಯಿತು, ಅದರ ಜೊತೆಗೆ ನನ್ನ ಸೋಲಾರೂ ಹೋಯಿತು. ಹಳೇ ಇನ್ವರ್ಟರಿನ ಬ್ಯಾಟರಿ ಎರಡನೇ ದಿನ ಸಂಜೆ ಕೂಗಿ ಕೂಗಿ ಸುಮ್ಮನಾಯಿತು. ಮೂರನೇ ದಿನ ಅಮ್ಮ ಕೇಳಿದಳು: "ಎಂತದಾ ಇದು, ಮಾಡಿನ್ ತುಂಬ ಗಾಜು ಹಾಸಿ ಒಳಗೆ ಚಿಮಣಿ ಬುಡ್ಡಿ ಹಚ್ಕಂಡು ಕೂರೋದಾ?"

ನನಗೆ ಗೊತ್ತಿತ್ತು. ಅಮ್ಮನಿಗೆ ಹೇಳಿರಲಿಲ್ಲ, ಅಷ್ಟೇ. ಐದು ದಿನ ಕತ್ತಲೆಯಲ್ಲಿ ಕೂರಬೇಕಾಗುತ್ತದೆ ಅಂತ ನಾನೂ ಲೆಕ್ಕ ಹಾಕಿರಲಿಲ್ಲ. ಪ್ಯಾನೆಲ್ ಹಾಕಿದ ಕಂಪನಿಯವರಂತೂ ಆ ಮಾತನ್ನೇ ಎತ್ತಿರಲಿಲ್ಲ.

ಆಗುವುದಿಷ್ಟು. ಸಹಾಯಧನದಲ್ಲಿ ಸಾಮಾನ್ಯವಾಗಿ ಹಾಕುವ ಸೋಲಾರ್ ಇನ್ವರ್ಟರ್, ಅಂದರೆ ಪ್ಯಾನೆಲ್ಲಿನ ಕರೆಂಟನ್ನು ಮನೆ ಬಳಕೆಗೆ ಹೊಂದಿಸುವ ಪೆಟ್ಟಿಗೆ, ಲೈನಿನ ಕರೆಂಟಿನ ತಾಳ ನೋಡಿಕೊಂಡು ಕುಣಿಯುವಂಥದ್ದು. ಲೈನು ಸತ್ತರೆ ಅದು ತಕ್ಷಣ ಬಂದ್ ಆಗಬೇಕು, ನಿಯಮವೇ ಹಾಗಿದೆ. ಅದು ಸರಿಯಾದ ನಿಯಮ ಕೂಡ. ಮಳೆಯಲ್ಲಿ ನೆನೆದುಕೊಂಡು ಕಂಬ ಹತ್ತಿದ ಲೈನ್‌ಮ್ಯಾನ್ ಈ ಲೈನಿನಲ್ಲಿ ಕರೆಂಟ್ ಇಲ್ಲ ಎಂದು ನಂಬಿ ತಂತಿ ಮುಟ್ಟುತ್ತಾನೆ. ಆಗ ನನ್ನ ಮಾಡಿನಿಂದ ಕರೆಂಟ್ ಹರಿದರೆ ಅವನ ಜೀವ ಹೋಗುತ್ತದೆ. ಆದ್ದರಿಂದ ಇನ್ವರ್ಟರನ್ನು ಬೈಯಬೇಡಿ. ಮನೆಯನ್ನು ಲೈನಿನಿಂದ ಕಳಚಿಕೊಂಡು ತನ್ನ ಪಾಡಿಗೆ ನಡೆಸುವ ಹೈಬ್ರಿಡ್ ಇನ್ವರ್ಟರ್ ಬೇರೆ ಇದೆ. ಅದಕ್ಕೆ ಬ್ಯಾಟರಿ ಬೇಕು. ಬ್ಯಾಟರಿಗೆ ದುಡ್ಡು ಬೇಕು. ಸರ್ಕಾರದ ಯೋಜನೆ ನಿಲ್ಲುವುದು ಸರಿಯಾಗಿ ಅಲ್ಲೇ.

2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಂ ಸೂರ್ಯಘರ್ ತಂದಿತು. ಒಂದು ಕೋಟಿ ಮನೆಗಳ ಗುರಿ. 1 ಕಿಲೋವ್ಯಾಟಿಗೆ 30,000, 2ಕ್ಕೆ 60,000, 3 ಮತ್ತು ಅದಕ್ಕಿಂತ ಮೇಲೆ 78,000 ರೂಪಾಯಿ ಸಹಾಯಧನ. ಒಳ್ಳೆಯ ಯೋಜನೆ, ಇಲ್ಲ ಅನ್ನುವುದಿಲ್ಲ. ಆದರೆ ಬ್ಯಾಟರಿಗೆ ಪ್ರತ್ಯೇಕ ಸಹಾಯಧನ ಅದರಲ್ಲಿಲ್ಲ. ಅದರ ಲೆಕ್ಕಾಚಾರವೇ ಬೇರೆ: ಹಗಲು ಮಾಡಿನಿಂದ ಲೈನಿಗೆ ಕೊಡು, ರಾತ್ರಿ ಲೈನಿನಿಂದ ತಗೋ, ತಿಂಗಳ ಕೊನೆಗೆ ಬಿಲ್ ಕಡಿಮೆ ಮಾಡಿಕೋ. ಅಂದರೆ ಲೈನೇ ನಿಮ್ಮ ಬ್ಯಾಟರಿ. ಅಹಮದಾಬಾದಿನಲ್ಲಿ ಇದು ನಡೆಯುತ್ತದೆ. ಹುಲಿಕಲ್ ಘಾಟಿಯ ಬುಡದಲ್ಲಿ, ಆಗುಂಬೆ ಸುತ್ತಿನ ಹಳ್ಳಿಯಲ್ಲಿ, ಕಾಡಿನೊಳಗೆ ಮೈಲಿಗಟ್ಟಲೆ ಓಡುವ ಲೈನಿನ ತುದಿಯ ಮನೆಯಲ್ಲಿ, ಆ ಬ್ಯಾಟರಿ ಬೇಕಾದ ದಿನವೇ ಕೈಕೊಡುತ್ತದೆ.

ಇನ್ನು ಬಿಲ್ಲಿನ ಮಾತು. 2023ರ ಆಗಸ್ಟಿನಿಂದ ರಾಜ್ಯ ಸರ್ಕಾರದ ಗೃಹಜ್ಯೋತಿ ಇದೆ. ಹಿಂದಿನ ಸರಾಸರಿಗೆ ಶೇಕಡಾ 10 ಸೇರಿಸಿ, 200 ಯೂನಿಟ್ ಮಿತಿಯೊಳಗಿದ್ದರೆ ಬಿಲ್ ಸೊನ್ನೆ. ತೋಟದ ಪಂಪ್‌ಸೆಟ್ 10 ಅಶ್ವಶಕ್ತಿಯವರೆಗೆ ಮೊದಲಿನಿಂದಲೂ ಉಚಿತ. ತಿಂಗಳಿಗೆ 80 ಯೂನಿಟ್ ಸುಡುವ ಮನೆಯವನು ಕೈಯಿಂದ ಒಂದು ಲಕ್ಷ ಹಾಕಿ ಯಾವ ಬಿಲ್ ಉಳಿಸಬೇಕು? ಒಂದು ಸರ್ಕಾರ ಕರೆಂಟನ್ನು ಪುಕ್ಕಟೆ ಕೊಡುತ್ತದೆ, ಇನ್ನೊಂದು ಸರ್ಕಾರ ಕರೆಂಟಿನ ದುಡ್ಡು ಉಳಿಸಲು ಸಹಾಯಧನ ಕೊಡುತ್ತದೆ. ಎರಡೂ ನಮ್ಮದೇ ತೆರಿಗೆ. ಹೋಮ್‌ಸ್ಟೇ, ಅಡಿಕೆ ಸುಲಿಯುವ ಯಂತ್ರ, ಅಂಗಡಿ, ಹಾಸ್ಟೆಲ್ ನಡೆಸುವವರಿಗೆ ಈ ಲೆಕ್ಕ ಕೂಡಿಬರುತ್ತದೆ. ಅಂಥವರು ಇವತ್ತೇ ಹಾಕಿಸಲಿ. ಉಳಿದ ಮಲೆನಾಡಿಗೆ ಬಿಲ್ಲಿಗಿಂತ ದೊಡ್ಡ ತಾಪತ್ರಯ ಜೂನಿನಿಂದ ಆಗಸ್ಟಿನವರೆಗಿನ ಕತ್ತಲೆ. ಅದರ ಮದ್ದು ಬ್ಯಾಟರಿಯಲ್ಲಿದೆ. ಪ್ಯಾನೆಲ್ ಅದಕ್ಕೆ ಮೇವು ಹಾಕುವ ಸಾಧನ ಮಾತ್ರ.

ಇಲ್ಲಿರುವ ಹಿರಿಯರಿಗೆ ನೆನಪಿರಬಹುದು. 1995ರಲ್ಲಿ ಶುರುವಾದ ಸೆಲ್ಕೋ, ಹರೀಶ್ ಹಂದೆಯವರದ್ದು, ಗ್ರಾಮೀಣ ಬ್ಯಾಂಕುಗಳಿಂದ ಸಾಲ ಕೊಡಿಸಿ ಹಳ್ಳಿ ಮನೆಗಳಿಗೆ ಸಣ್ಣ ಸೋಲಾರ್ ದೀಪ ಮುಟ್ಟಿಸಿತು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆ ಕಾಲದ ಮನೆ ದೀಪ ಅಂದರೆ ಮೊರದಗಲದ ಒಂದು ಪ್ಯಾನೆಲ್, ಒಂದು ಬ್ಯಾಟರಿ, ಎರಡೋ ನಾಲ್ಕೋ ದೀಪ. ಅಡುಗೆಮನೆಗೊಂದು, ಕೊಟ್ಟಿಗೆಗೊಂದು. ಮರ ಬಿದ್ದರೂ ಅದು ಉರಿಯುತ್ತಿತ್ತು. ಈಗ ಅದರ ಐವತ್ತು ಪಾಲು ದೊಡ್ಡ ಪ್ಯಾನೆಲ್ ಹಾಕಿಸಿಕೊಂಡು ನಾವು ಕತ್ತಲಲ್ಲಿ ಕೂತಿದ್ದೇವೆ.

ಸರಿ, ಬ್ಯಾಟರಿ ಅಂದರೆ ಎಷ್ಟು? ಇದನ್ನು ನಾನು ತರಗತಿಯಲ್ಲಿ ನೀರಿನ ಟ್ಯಾಂಕ್ ಇಟ್ಟುಕೊಂಡು ಹೇಳುತ್ತಿದ್ದೆ. ನಿಮ್ಮ ಮನೆ ಹಿಂದಿನ ಧರೆಯ (ಕಡಿದಾದ ದಿಬ್ಬದ) ಮೇಲೆ, 10 ಮೀಟರ್ ಎತ್ತರದಲ್ಲಿ, ಸಾವಿರ ಲೀಟರಿನ ಕಪ್ಪು ಟ್ಯಾಂಕ್ ಇದೆ ಅಂತಿಟ್ಟುಕೊಳ್ಳಿ. ಅದರ ನೀರೆಲ್ಲ ಕೆಳಗಿಳಿದರೆ, ಒಂದು ಹನಿ ಶಕ್ತಿಯೂ ಪೋಲಾಗದಿದ್ದರೆ, ಸಿಗುವ ಕರೆಂಟ್ 0.027 ಯೂನಿಟ್. 9 ವ್ಯಾಟಿನ ಒಂದು ಬಲ್ಬ್ ಮೂರು ಗಂಟೆ ಉರಿದೀತು. ಮೂಲೆಯಲ್ಲಿ ಕೂತಿರುತ್ತದಲ್ಲ ಇನ್ವರ್ಟರಿನ ಬ್ಯಾಟರಿ, 12 ವೋಲ್ಟ್ 150 ಆಂಪಿಯರ್ ಅವರ್‌ದು, ಅದರಲ್ಲಿ ಲೆಕ್ಕಕ್ಕೆ 1.8 ಯೂನಿಟ್ ಇದೆ. ಅಂದರೆ ಅರವತ್ತಾರು ಟ್ಯಾಂಕ್ ನೀರು. ಸೀಸದ ಬ್ಯಾಟರಿಯನ್ನು ತಳ ಕಾಣುವವರೆಗೆ ಬಳಸಿದರೆ ಬೇಗ ಸಾಯುತ್ತದೆ, ಹಾಗಾಗಿ ಒಂದು ಯೂನಿಟ್ ಅನ್ನಿ: ನೂರು ವ್ಯಾಟ್ ಹತ್ತು ಗಂಟೆ. ನಾಲ್ಕು ದೀಪ, ಒಂದು ಫ್ಯಾನು, ವೈಫೈ. ನನ್ನದು ಎರಡನೇ ದಿನಕ್ಕೆ ಕೂಗಿದ್ದು ಯಾಕೆಂದು ಗೊತ್ತಾಯಿತಲ್ಲ.

ಈ ಟ್ಯಾಂಕಿನ ಲೆಕ್ಕವನ್ನೇ ಇನ್ನೊಂದು ಕಡೆ ಒಯ್ಯೋಣ. ಹತ್ತು ಮೀಟರಿನ ಬದಲು ನಾನೂರು ಮೀಟರ್ ಇಳಿಯಲು ಬಿಟ್ಟರೆ ಅದೇ ಸಾವಿರ ಲೀಟರಿಗೆ ಒಂದು ಯೂನಿಟ್ ಸಿಗುತ್ತದೆ. ಜೋಗದ ಹತ್ತಿರದ ತಳಕಳಲೆ ಜಲಾಶಯದಿಂದ ಘಟ್ಟದ ಕೆಳಗಿನ ಗೇರುಸೊಪ್ಪೆಯ ಜಲಾಶಯಕ್ಕೆ ನಾನೂರಕ್ಕೂ ಹೆಚ್ಚು ಮೀಟರ್ ಇಳಿತ. ಘಟ್ಟದ ಈ ಎತ್ತರಕ್ಕೆ ಬೆಂಗಳೂರಿನವರು ಆಸೆಪಡುವುದು ಸುಮ್ಮನೆ ಅಲ್ಲ. ಜೋಗದ ಬುಡದ ವಿದ್ಯುದಾಗಾರ ಶುರುವಾದದ್ದು 1948ರಲ್ಲಿ. 1964ರಲ್ಲಿ ಲಿಂಗನಮಕ್ಕಿ. ಆಮೇಲೆ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರ, 1,035 ಮೆಗಾವ್ಯಾಟ್ (ಒಂದು ಮೆಗಾವ್ಯಾಟ್ ಅಂದರೆ ಸಾವಿರ ಕಿಲೋವ್ಯಾಟ್). ಅದರ ಕೆಳಗೆ ಗೇರುಸೊಪ್ಪೆಯಲ್ಲಿ 240. ಪಕ್ಕದ ವಾರಾಹಿಯಲ್ಲಿ ನೆಲದೊಳಗೆ 460. ಲಿಂಗನಮಕ್ಕಿಯಲ್ಲಿ ಹಿಡಿಯುವ 150 ಟಿಎಂಸಿ ನೀರು ಈ ರಾಜ್ಯದ ಬಹು ದೊಡ್ಡ ಬ್ಯಾಟರಿ. ವರ್ಷಕ್ಕೊಮ್ಮೆ ಮಳೆ ಬಂದು ಚಾರ್ಜ್ ಮಾಡುತ್ತದೆ. ಅದರ ತಳದಲ್ಲಿ ಮುಳುಗಿದ ಊರುಗಳವರಿಗೆ ಇನ್ನೂ ಜಮೀನಿನ ಹಕ್ಕುಪತ್ರದ ಅಲೆದಾಟ ಮುಗಿದಿಲ್ಲ. ಹಿನ್ನೀರಿನಾಚೆಯ ತುಮರಿಯವರಿಗೆ ಲಾಂಚಿನ ಬದಲು ಸೇತುವೆ ಸಿಕ್ಕಿದ್ದು 2025ರ ಜುಲೈಯಲ್ಲಿ.

ಇನ್ನೊಂದು ಬದಿಗೆ ತುಮಕೂರು ಜಿಲ್ಲೆಯ ಪಾವಗಡ ನೋಡಿ. 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್. ಜಮೀನು ಕಿತ್ತುಕೊಳ್ಳಲಿಲ್ಲ, ರೈತರಿಂದ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗೇಣಿಗೆ ಪಡೆದರು, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ನಮ್ಮ ಮುಳುಗಡೆಯವರ ಕಣ್ಣಿಗೆ ಅದೊಂದು ಕನಸು. (ಕೂಲಿ ಮಾಡುತ್ತಿದ್ದ ಭೂರಹಿತರಿಗೆ ಆ ಗೇಣಿಯಲ್ಲಿ ಪಾಲಿಲ್ಲ, ಅದನ್ನೂ ಹೇಳಬೇಕು.) ಅಲ್ಲಿ ಹಗಲು ಹೊನಲು ಕರೆಂಟ್. ಸೂರ್ಯ ಮುಳುಗಿದ ಮೇಲೆ, ಜನ ಮನೆಗೆ ಬಂದು ಸ್ವಿಚ್ ಹಾಕುವ ಹೊತ್ತಿಗೆ, ಸೊನ್ನೆ. ದೇಶದ ಸೋಲಾರ್ 2025ರ ಜನವರಿಯಲ್ಲಿ ಒಂದು ಲಕ್ಷ ಮೆಗಾವ್ಯಾಟ್ ದಾಟಿತು. ಅಷ್ಟನ್ನೂ ಕಾಡುವ ಪ್ರಶ್ನೆ ಒಂದೇ, ಹಗಲಿನದನ್ನು ಸಂಜೆಗೆ ಎಲ್ಲಿ ಕೂಡಿಡುವುದು?

ಅದಕ್ಕೆ ಕೊಟ್ಟ ಉತ್ತರವೇ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ. 250 ಮೆಗಾವ್ಯಾಟಿನ ಎಂಟು ಯಂತ್ರ, ಒಟ್ಟು 2,000. ಹಗಲಿನ ಅಗ್ಗದ ಕರೆಂಟಿನಲ್ಲಿ ಗೇರುಸೊಪ್ಪೆಯ ನೀರನ್ನು ತಳಕಳಲೆಗೆ ಎತ್ತುವುದು, ಸಂಜೆ ಇಳಿಸುವುದು. ಆರು ಗಂಟೆ ಓಡಿಸಿದರೆ 1.2 ಕೋಟಿ ಯೂನಿಟ್. ಎತ್ತಲು ನೂರು ಯೂನಿಟ್ ಹಾಕಿದರೆ ಇಳಿಸುವಾಗ ಎಪ್ಪತ್ತೈದೋ ಎಂಬತ್ತೋ ವಾಪಸ್. "ಹಾಕಿದ್ದಕ್ಕಿಂತ ಕಡಿಮೆ ಬರೋದಕ್ಕೆ ಯೋಜನೆ ಬೇರೆ ಕೇಡು" ಎಂದು ಅದನ್ನು ವಿರೋಧಿಸುವ ನಮ್ಮವರು ಭಾಷಣದಲ್ಲಿ ಹೇಳುತ್ತಾರೆ. ಆ ವಾದ ನನಗೆ ಒಪ್ಪಿಗೆ ಇಲ್ಲ. ಯಾವ ಬ್ಯಾಟರಿಯೂ ಹಾಕಿದ್ದಕ್ಕಿಂತ ಕಡಿಮೆಯೇ ಕೊಡುವುದು, ನಿಮ್ಮ ಮೊಬೈಲಿನದೂ ಅಷ್ಟೇ. ವಿರೋಧಿಸುವುದಾದರೆ ಗಟ್ಟಿ ಕಾರಣ ಹಿಡಿದು ವಿರೋಧಿಸೋಣ.

ಗಟ್ಟಿ ಕಾರಣ ಇದೆ. ಆ ಜಾಗ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯ. ಸಿಂಗಳೀಕ ನೆಲಕ್ಕಿಳಿದು ನಡೆಯುವುದು ಅಪರೂಪ; ಕೊಂಬೆಯಿಂದ ಕೊಂಬೆಗೆ ದಾರಿ ಬೇಕು. ಸುರಂಗ ನೆಲದಡಿ ಇದ್ದರೂ ಅಲ್ಲಿಗೆ ಹೋಗುವ ರಸ್ತೆ, ಮಣ್ಣು ಸುರಿಯುವ ಜಾಗ, ಲೈನು ಎಲ್ಲ ಮೇಲೆಯೇ ಆಗಬೇಕು. ಐವತ್ತು ಹೆಕ್ಟೇರಿಗೂ ಹೆಚ್ಚು ಕಾಡು ಅದಕ್ಕೆ ಬೇಕು. ಘಟ್ಟದ ಧರೆ ಎರಡು ದಿನ ಎಡೆಬಿಡದೆ ಮಳೆ ಹೊಯ್ದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ.

ಎರಡನೇ ಕಾರಣ ನನ್ನ ಕಸುಬಿಗೆ ಸೇರಿದ್ದು, ಇದನ್ನು ಯಾರೂ ಹೆಚ್ಚು ಹೇಳುವುದಿಲ್ಲ. ಪಾವಗಡದಿಂದ ಹೊರಡುವ ದೊಡ್ಡ ಲೈನಿಗೆ ಮೈತುಂಬ ಕೆಲಸ ಇರುವುದು ಹಗಲು ಆರೇಳು ಗಂಟೆ. ರಾತ್ರಿ ಅದು ಬಟ್ಟೆ ಒಣಗಿಸುವ ಹಗ್ಗದ ಹಾಗೆ ಖಾಲಿ. ಬ್ಯಾಟರಿಯನ್ನು ಪ್ಯಾನೆಲ್ಲಿನ ಪಕ್ಕದಲ್ಲೇ ಇಟ್ಟರೆ ಹಗಲು ತುಂಬಿಸಿ ಸಂಜೆ ಅದೇ ಲೈನಿನಲ್ಲಿ ಕಳಿಸಬಹುದು. ಘಟ್ಟಕ್ಕೆ ತಂದು ಎತ್ತಿ ಇಳಿಸಿ ವಾಪಸ್ ಒಯ್ಯುವ ಸುತ್ತು ಬೇಡ. ಛತ್ತೀಸಗಢದ ರಾಜನಾಂದಗಾಂವ್‌ನಲ್ಲಿ 100 ಮೆಗಾವ್ಯಾಟ್ ಸೋಲಾರಿನ ಜೊತೆಗೆ 120 ಮೆಗಾವ್ಯಾಟ್ ಅವರ್, ಅಂದರೆ 1.2 ಲಕ್ಷ ಯೂನಿಟ್ ಹಿಡಿಯುವ ಬ್ಯಾಟರಿ 2024ರಲ್ಲೇ ಶುರುವಾಗಿದೆ. 2025ರ ಫೆಬ್ರವರಿಯಲ್ಲಿ ಕೇಂದ್ರ ಇಂಧನ ಸಚಿವಾಲಯದಡಿಯ ಕೇಂದ್ರ ವಿದ್ಯುತ್ ಪ್ರಾಧಿಕಾರವೂ ಇದೇ ದಾರಿ ಹಿಡಿಯಿತು: ಹೊಸ ಸೋಲಾರ್ ಟೆಂಡರಿನಲ್ಲಿ ಸಾಮರ್ಥ್ಯದ ಶೇಕಡಾ 10ರಷ್ಟಕ್ಕಾದರೂ ಎರಡು ಗಂಟೆಯ ಶೇಖರಣೆ ಇರಲಿ ಎಂದು ರಾಜ್ಯಗಳಿಗೆ ಬರೆಯಿತು.

ಬೆಲೆಯೂ ಬದಲಾಗಿದೆ. 2022ರಲ್ಲಿ ಕೇಂದ್ರದ ಸೌರ ನಿಗಮ ಬ್ಯಾಟರಿಗೆಂದೇ ಟೆಂಡರ್ ಕರೆದಾಗ ಒಂದು ಮೆಗಾವ್ಯಾಟಿಗೆ ತಿಂಗಳಿಗೆ ಹತ್ತಿರ ಹತ್ತಿರ 11 ಲಕ್ಷ ರೂಪಾಯಿ ಬಾಡಿಗೆ ಕೇಳಿದ್ದರು. ಎರಡು ಮೂರು ವರ್ಷದಲ್ಲಿ ಬೇರೆ ಬೇರೆ ರಾಜ್ಯಗಳ ಟೆಂಡರುಗಳಲ್ಲಿ ಅದು ಎರಡು ಲಕ್ಷದ ಆಸುಪಾಸಿಗೆ ಬಂತು. ಅಡಿಕೆ ದರ ಹೀಗೆ ಬಿದ್ದಿದ್ದರೆ ನಾವಿಲ್ಲಿ ಕೂತಿರುತ್ತಿರಲಿಲ್ಲ. ಬ್ಯಾಟರಿಯ ಕೋಶ ಬಹುಪಾಲು ಚೀನಾದಿಂದ ಬರುತ್ತದೆ, ಆಯುಸ್ಸು ಹನ್ನೆರಡು ಹದಿನೈದು ವರ್ಷ. ನೀರೆತ್ತುವ ಯಂತ್ರ ನಲವತ್ತು ವರ್ಷ ಬಾಳುತ್ತದೆ. ಆ ಮಾತು ಸತ್ಯ. ಹಾಗಿದ್ದರೂ ಕಾಡು ಕಡಿಯುವ ಮೊದಲು ಹಳೆಯ ಬೆಲೆಯ ಲೆಕ್ಕವನ್ನು ಹೊಸ ಬೆಲೆಯಲ್ಲಿ ಮತ್ತೊಮ್ಮೆ ಹಾಕಿ ಅಂತ ಕೇಳುವುದು ತಪ್ಪಲ್ಲ.

ಇನ್ನೊಂದು, ನೀರು ಎತ್ತದೆಯೂ ಶರಾವತಿ ಬ್ಯಾಟರಿಯ ಕೆಲಸ ಮಾಡಬಲ್ಲದು. ಹಗಲು ಪಾವಗಡ ದುಡಿಯುವಾಗ ಲಿಂಗನಮಕ್ಕಿಯ ನೀರನ್ನು ಹಿಡಿದಿಟ್ಟು ಸಂಜೆ ಬಿಟ್ಟರಾಯಿತು. ಹಗಲು ಉಳಿಸಿದ ಪ್ರತಿ ಟ್ಯಾಂಕ್ ನೀರೂ ಸಂಜೆಯ ಯೂನಿಟ್. ಆದರೆ ಅದಕ್ಕೆ ನೀರಿರಬೇಕು. 2023ರಲ್ಲಿ ಮಳೆ ಕೈಕೊಟ್ಟಾಗ ಜಲಾಶಯ ತುಂಬಲಿಲ್ಲ. ಆ ಅಕ್ಟೋಬರಿನಲ್ಲಿ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಹಿಡಿದು ಖಾಸಗಿ ಉತ್ಪಾದಕರ ಕರೆಂಟೆಲ್ಲ ರಾಜ್ಯಕ್ಕೇ ಕೊಡಬೇಕೆಂದು ಆದೇಶ ಮಾಡಬೇಕಾಯಿತು. ಮಳೆಯೊಂದನ್ನೇ ನಂಬಿದ ಬ್ಯಾಟರಿಯ ಪಾಡು ಅದು.

ಈಗ ಮತ್ತೆ ನಮ್ಮ ಹಲಸಿನ ಮರಕ್ಕೆ ಬರುತ್ತೇನೆ. ದೆಹಲಿಯ ಕಿಲೋಕರಿ ಸಬ್‌ಸ್ಟೇಷನ್ನಿನಲ್ಲಿ 2025ರಲ್ಲಿ 20 ಮೆಗಾವ್ಯಾಟಿನ ಬ್ಯಾಟರಿ ಕೂರಿಸಿದ್ದಾರೆ. ಎರಡು ಗಂಟೆ ಕೊಡುತ್ತದೆ. ಅದನ್ನು ನೋಡಿ ನಮ್ಮವರೂ "ತಾಲ್ಲೂಕಿನ ಸಬ್‌ಸ್ಟೇಷನ್ನಿಗೊಂದು ಬ್ಯಾಟರಿ ಕೊಡಿ" ಎಂದು ಮನವಿ ಬರೆಯಲು ಹೊರಟಿದ್ದಾರೆ. ನಾನು ಬೇಡ ಅನ್ನುತ್ತೇನೆ. ದೆಹಲಿಯಲ್ಲಿ ಸಬ್‌ಸ್ಟೇಷನ್ನಿನಿಂದ ಮನೆಗೆ ಹೋಗುವ ದಾರಿಯಲ್ಲಿ ಕಾಡಿಲ್ಲ. ಇಲ್ಲಿ ಸಾಗರದ ಸಬ್‌ಸ್ಟೇಷನ್ನಿನಲ್ಲಿ ಎಷ್ಟೇ ದೊಡ್ಡ ಬ್ಯಾಟರಿ ಇಟ್ಟರೂ ಮರ ಬಿದ್ದ ಜಾಗದಿಂದ ಆಚೆಗಿರುವ ನಮಗೆ ಒಂದು ದೀಪವೂ ಹೊತ್ತುವುದಿಲ್ಲ. ಯಾರಾದರೂ ಬ್ಯಾಟರಿ ಯೋಜನೆ ಅಂತ ಬಂದರೆ ಮೊದಲು ಕೇಳಿ: ಇದು ಮರದ ಯಾವ ಕಡೆಗೆ?

ನಮ್ಮ ಕಡೆಗೆ ಬೇಕಾದದ್ದು ಚಿಕ್ಕ ಬ್ಯಾಟರಿಗಳು. ಪ್ರಾಥಮಿಕ ಆರೋಗ್ಯ ಕೇಂದ್ರದ ಲಸಿಕೆ ಪೆಟ್ಟಿಗೆಗೆ, ಹಾಲಿನ ಡೇರಿಗೆ, ಪಂಚಾಯಿತಿಯ ಕುಡಿಯುವ ನೀರಿನ ಪಂಪಿಗೆ, ಮೊಬೈಲ್ ಟವರಿಗೆ. ಟವರ್ ಸತ್ತರೆ ಲೈನ್ ಹೋಗಿದೆ ಅಂತ ದೂರು ಹೇಳಲೂ ಆಗುವುದಿಲ್ಲ! ಇವುಗಳ ಜೊತೆಗೆ, ಲೈನಿನ ತುದಿಯ ಮನೆಗಳಿಗೆ ಸಹಾಯಧನದ ಸ್ವಲ್ಪ ಭಾಗ ಬ್ಯಾಟರಿಗೆ ಸಿಗುವ ಹಾಗೆ ನಿಯಮ. ನಮಗೆ ಕರೆಂಟ್ ಕೊಡುವ ಕಂಪನಿ ಮೆಸ್ಕಾಂನ ನಾಲ್ಕು ಜಿಲ್ಲೆಗಳಲ್ಲಿ ಎಲ್ಲಿ ಹೆಚ್ಚು ದಿನ ಲೈನ್ ಸಾಯುತ್ತದೆ ಎಂಬ ಲೆಕ್ಕ ಇಲಾಖೆಯ ಪುಸ್ತಕದಲ್ಲೇ ಇರುತ್ತದೆ, ಹೊಸ ಸಮಿತಿ ಬೇಕಿಲ್ಲ. ಇನ್ನೊಂದು ಬೇಡಿಕೆ, ಪಂಪ್‌ಸೆಟ್ಟುಗಳಿಗೆ ಸೋಲಾರ್ ಕರೆಂಟ್ ಕೊಡುವ ಕೇಂದ್ರದ ಕುಸುಮ್ ಯೋಜನೆಯಲ್ಲಿ ಫೀಡರಿಗೆ (ಪಂಪ್‌ಸೆಟ್ಟುಗಳ ಲೈನಿಗೆ) ಸೋಲಾರ್ ಹಾಕಲು ಜಾಗ ಹುಡುಕುವಾಗ ಊರಿನ ಹಳೇ ಕಾಡಾದ ಕಾನು, ಸೊಪ್ಪು ತರುವ ಸೊಪ್ಪಿನಬೆಟ್ಟಗಳ ಕಡೆ ಕಣ್ಣು ಹಾಕಬೇಡಿ. ದಾಖಲೆಯಲ್ಲಿ ಅದು ಖಾಲಿ ಜಾಗದ ಹಾಗೆ ಕಾಣುತ್ತದೆ, ತೋಟಕ್ಕೆ ಸೊಪ್ಪು ಎಲ್ಲಿಂದ ಬರುತ್ತದೆ ಅಂತ ಪಹಣಿಯಲ್ಲಿ ಬರೆದಿರುವುದಿಲ್ಲ.

ನಾನು ಆಮೇಲೆ ಏನು ಮಾಡಿದೆ ಅಂತ ಕೇಳುತ್ತೀರಿ. ಇನ್ವರ್ಟರ್ ಬದಲಿಸಿ 5 ಯೂನಿಟ್ ಹಿಡಿಯುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿಸಿದೆ. ದುಬಾರಿ, ಮನೆಯವಳು ಎರಡು ದಿನ ಮಾತು ಬಿಟ್ಟಳು. ಜುಲೈಯ ಕೆಟ್ಟ ದಿನ ನನ್ನ 3 ಕಿಲೋವ್ಯಾಟ್ ಕೊಡುವುದು ಎರಡು ಯೂನಿಟ್ ಒಳಗೆ, ಸಾಧಾರಣ ಮಳೆ ದಿನ ನಾಲ್ಕು. ಫೆಬ್ರವರಿಯ ಹದಿಮೂರರ ಮುಂದೆ ಅದು ಚಿಲ್ಲರೆ. ಆದರೆ ಬೆಳಕು, ಮಿಕ್ಸಿ, ಫ್ರಿಜ್ಜು, ಅಮ್ಮನ ಟೀವಿ, ಇಷ್ಟಕ್ಕೆ ಸಾಕು. ಗೀಜರ್, ಪಂಪು ಮುಟ್ಟುವ ಹಾಗಿಲ್ಲ. ಬಚ್ಚಲ ಹಂಡೆಗೆ ಒಲೆಯೇ ಗತಿ.

ಹಾಕಿಸುವವರಿಗೆ ಎರಡು ಮಾತು. ಮಲೆನಾಡಿನ ಮನೆಯಲ್ಲಿ ಬಿಸಿಲಿಗೆ ಮೊದಲ ಹಕ್ಕುದಾರ ಅಡಿಕೆ. ಅಂಗಳಕ್ಕೆ ನೆರಳು ಬೀಳುವ ಹಾಗೆ ಚೌಕಟ್ಟು ನಿಲ್ಲಿಸಿದರೆ ಸುಗ್ಗಿಯಲ್ಲಿ ಮನೆಯಲ್ಲೇ ಜಗಳ. ಹಂಚಿನ ಮಾಡಿನ ಇಳಿಜಾರು ಹೆಚ್ಚು ಅಂತ ಕೆಲವರು ಮೂಗು ಮುರಿಯುತ್ತಾರೆ, ನಮ್ಮ ಮಳೆಗೆ ಅದೇ ಒಳ್ಳೆಯದು, ಗಾಜಿನ ಮೇಲೆ ಪಾಚಿ ನಿಲ್ಲುವುದಿಲ್ಲ. ಇನ್ನು ಅರ್ತಿಂಗ್, ಅಂದರೆ ಸಿಡಿಲು, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ತಂತಿ. ಏಪ್ರಿಲ್ ಮೇ ತಿಂಗಳ ಸಿಡಿಲಿನ ಹೊತ್ತಿಗೆ ಜಂಬಿಟ್ಟಿಗೆ ನೆಲ ಒಣಗಿ ಕಲ್ಲಾಗಿರುತ್ತದೆ, ಕರೆಂಟನ್ನು ಒಳಕ್ಕೆ ಬಿಟ್ಟುಕೊಳ್ಳುವುದಿಲ್ಲ. ಪ್ಯಾನೆಲ್ ಬದಿಗೆ, ಮನೆ ಬದಿಗೆ, ಸಿಡಿಲಿನ ಕಡ್ಡಿಗೆ ಬೇರೆ ಬೇರೆ ಮೂರು ಗುಂಡಿ ಬೇಕು. ಗುತ್ತಿಗೆಯವನು ಒಂದೇ ಗುಂಡಿ ತೋಡಿ ಮೂರೂ ತಂತಿ ಅದರಲ್ಲೇ ಇಳಿಸಿ ಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ. ಪಕ್ಕದಲ್ಲೇ ನಿಂತು ಮಾಡಿಸಿ. ಬೇಸಿಗೆಯಲ್ಲಿ ವಾರಕ್ಕೆರಡು ಕೊಡ ನೀರು ಹೊಯ್ಯಿರಿ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಮಂಗ ಏನು ಮಾಡುತ್ತದೆ ಅಂತ ಒಬ್ಬರು ಕೇಳಿದರು. ಗಾಜಿಗೆ ಹೆದರಬೇಕಿಲ್ಲ, ಗಟ್ಟಿ ಇರುತ್ತದೆ; ಕೆಳಗೆ ಜೋತಾಡುವ ವೈರು ಎಳೆಯುತ್ತವೆ, ಮುಸಿಯ (ಕಪ್ಪುಮೋರೆಯ ದೊಡ್ಡ ಮಂಗ) ಹಾರಿದಾಗ ಹಂಚು ಒಡೆಯುತ್ತದೆ. ವೈರನ್ನೆಲ್ಲ ಪೈಪಿನೊಳಗೆ ಹಾಕಿಸಿ ಎಂದೆ. ಚಪ್ಪಲಿ ಬಿಡುವಲ್ಲಿ ಸಿಕ್ಕಿದ್ದರಲ್ಲ, ಅವರು ಕೊನೆಗೆ ಎದ್ದರು. "ಹಳೇ ಸೀಸದ ಬ್ಯಾಟರಿ ಎರಡು ಕೊಟ್ಟಿಗೇಲಿ ಬಿದ್ದಿದಾವೆ, ಎಂತ ಮಾಡ್ಲಿ?" 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯದನ್ನು ವಾಪಸ್ ಸಂಗ್ರಹಿಸುವ ಹೊಣೆ ತಯಾರಕರದ್ದು. ಹೊಸದು ತರುವಾಗ ಅಂಗಡಿಗೇ ಹಾಕಿ, ಸೀಸಕ್ಕೆ ಬೆಲೆ ಇದೆ, ಚೌಕಾಸಿ ಮಾಡಿ. ಗುಜರಿಯವನು ಆಸಿಡ್ ಚೆಲ್ಲಿ ತೂಕ ಹಾಕಲು ಹೊರಟರೆ ಮಾತ್ರ ಬಿಡಬೇಡಿ, ಕೊಟ್ಟಿಗೆ ನೀರು ಹರಿದು ಹೋಗುವುದು ನಿಮ್ಮದೇ ತೋಟದ ಬಸಿಗಾಲುವೆಗೆ ಎಂದೆ. ಅವರು ಕೂರಲಿಲ್ಲ. "ಹೋದ ವರ್ಷ ಒಂದನ್ನ ಹಂಗೇ ಕೊಟ್ಟೆ ಮಾರಾಯ್ರೆ" ಅಂದರು.